ಪರೀಕ್ಷೆಗೆ ಹಾಕಿದ ಮೂರು ಹೆಸರು

ಅಂಕೋಲೆಯ ದವಾಖಾನೆಗೆ ಬೇಕಾಗಿದ್ದುದು ಇಷ್ಟೇ: ಸರದಿ ಬಂದ ರೋಗಿಯ ಹೆಸರು ಪರದೆಯ ಮೇಲೆ ಕಾಣಬೇಕು. ಕಾರವಾರದ ಕೋಡಿಬಾಗದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ನಿತೇಶ ಅದಕ್ಕೆ ಏಳು ಪದರದ ಪ್ರೋಗ್ರಾಮು ಬರೆದ. ಹೆಸರು ಯಾವ ಕಾರಣಕ್ಕೂ ಕಳೆದುಹೋಗಬಾರದೆಂದು ಪದರಕ್ಕೊಂದು ನಕಲು. ಒಂದರಲ್ಲಿ ಅಳಿದರೆ ಇನ್ನೊಂದು ತುಂಬಿಕೊಡಬೇಕು. ೨೦೦೬ರಲ್ಲಿ ಇಡೀ ಜಿಲ್ಲೆಯಲ್ಲೇ ಇಂಥದ್ದಿಲ್ಲ ಎಂಬ ಜಂಬ ಬೇರೆ.

"ಒಂದ್ ಹೆಸ್ರು ಕರಿಯೂಕೆ ಏಳು ಮಾಳಿಗೆ ಕಟ್ಟಿದ್ಯಲ್ಲೋ ಮಾರಾಯಾ!" ಎಂದು ಜೊತೆಗಾರ ಉದಯ ಹೊಟ್ಟೆ ಹಿಡಿದುಕೊಂಡು ನಕ್ಕ.

ಪರೀಕ್ಷೆಗೆಂದು ನಿತೇಶ ಬಾಯಿಗೆ ಬಂದ ಹೆಸರು ಹಾಕಿದ್ದ. ತಿಮ್ಮು, ಹಾವು ಕಡಿತ. ಮಾಸ್ತಿ, ಮರದಿಂದ ಬಿದ್ದದ್ದು. ಮೂರನೆಯದಕ್ಕೆ, ಪ್ರೀತಿ ಉಕ್ಕಿ, ಹೆಂಡತಿಯನ್ನೇ ಸೇರಿಸಿದ: ನಾಗಶ್ರೀ, ಆರು ತಿಂಗಳ ಬಸುರಿ, ತುರ್ತು. ತುರ್ತಿನ ಪದರ ನಡೆಯುತ್ತದೋ ಇಲ್ಲವೋ ನೋಡಬೇಕಿತ್ತಲ್ಲ. ಆಮೇಲೆ ಅಳಿಸುವುದನ್ನು ಮರೆತ. ಬುದ್ಧಿವಂತರು ಮರೆಯುವುದೇ ಇಂಥದ್ದನ್ನು.

ಸೋಮವಾರ ದವಾಖಾನೆಯ ಪರದೆ ತನ್ನಷ್ಟಕ್ಕೆ ತಿಮ್ಮುವನ್ನು ಕರೆಯಿತು. ಅಂಥ ರೋಗಿ ಯಾರೂ ಇರಲಿಲ್ಲ. ಅರ್ಧ ತಾಸಿಗೆ ಹಾವು ಕಡಿದ ತಿಮ್ಮುವನ್ನು ರಿಕ್ಷಾದಲ್ಲಿ ತಂದರು. ಮಂಗಳವಾರ ಮಾಸ್ತಿ, ಮಾವಿನ ಮರದಿಂದ ಬಿದ್ದು ಸೊಂಟ ಮುರಿದಿತ್ತು. ಚೀಟಿ ಬರೆಯುವ ಜಯಂತಿ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ನಿತೇಶನಿಗೆ ಮೂರನೆಯ ಹೆಸರು ನೆನಪಾಯಿತು.

ಬುಧವಾರ ಮೊದಲ ಬಸ್ಸಿಗೇ ನಿತೇಶ, ಉದಯ ಇಬ್ಬರೂ ಅಂಕೋಲೆಗೆ ಬಂದರು. ನಾಗಶ್ರೀ ಆಗ ಇದ್ದ ತವರುಮನೆ ಅಲ್ಲೇ, ದವಾಖಾನೆಯಿಂದ ಒಂದು ಮೈಲಿ. ಅವಳ ಹೆಸರು ಆಗಲೇ ಪರದೆಯ ಮೇಲೆ ನಿಂತಿತ್ತು. ನಿತೇಶ ಅಳಿಸಿದ, ಎರಡನೇ ಪದರ ತುಂಬಿಕೊಟ್ಟಿತು. ಅಲ್ಲೂ ಅಳಿಸಿದ, ಐದನೆಯದು ತಂದು ನಿಲ್ಲಿಸಿತು. ತಾನೇ ಬರೆದದ್ದು ತನ್ನ ಮಾತು ಕೇಳಲಿಲ್ಲ.

"ಮನೆಗೆ ಫೋನ್ ಹಚ್ಚು," ಎಂದ ಉದಯ. ಅವನ ನಗು ಅಡಗಿತ್ತು.

"ನಂಗೆಂತಾ ಆಗೂಕೆ? ದೋಸೆ ತಿಂತಾ ಇದ್ದೆ. ನಿಮ್ಗೆ ಬ್ಯಾರೆ ಕೆಲ್ಸ ಇಲ್ವಾ?" ನಾಗಶ್ರೀ ಆ ಕಡೆಯಿಂದ ಗದರಿದಳು.

ನಿತೇಶ ಕಂಪ್ಯೂಟರಿನ ವಯರನ್ನೇ ಕಿತ್ತ. ಪೆಟ್ಟಿಗೆ ಬಿಚ್ಚಿ ಹಾರ್ಡ್ ಡಿಸ್ಕನ್ನು ಹೊರಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಪರದೆ ಕಪ್ಪಾಗಿತ್ತು. ಅವನಿಗೆ ಹೋದ ಜೀವ ಬಂದಂತಾಯಿತು. ಆ ಖುಷಿಗೆ ಕಣ್ಣಲ್ಲಿ ನೀರೂ ಬಂತು.

"ಇನ್ನು ಹ್ಯಾಂಗೆ ಕರೀತದೆ ನೋಡ್ವಾ," ಎಂದ ಉದಯ.

ಜಯಂತಿಯ ಮೇಜಿನ ಫೋನು ಹೊಡೆದುಕೊಂಡಿತು. ಅವಳು ಎರಡು ಸಲ "ಹಾಂ, ಹಾಂ" ಎಂದಳು. ರೂಢಿಯಂತೆ ಒಂದು ಖಾಲಿ ಚೀಟಿ ಎಳೆದುಕೊಂಡು ಪೆನ್ನಿನಿಂದ ಹೆಸರು ಬರೆದಳು. ಬರೆದು ಮುಗಿಸಿ, ನಿತೇಶನ ಮುಖ ನೋಡಲಾರದೆ ಚೀಟಿಯನ್ನೇ ನೋಡುತ್ತ ಹೇಳಿದಳು:

"ಬಚ್ಚಲಲ್ಲಿ ಜಾರಿ ಬಿದ್ರಂತೆ. ರಿಕ್ಷಾ ಹೊರಟದೆ."