ಕವಿಯ ಕಟ್ಟೆಯ ಮೇಲಿನ ಗೂಳಪ್ಪ

ಜಮಖಂಡಿಯಲ್ಲಿ ಸಂಸ್ಥಾನದ ಕಾಲದ ಒಂದು ಉದ್ಯಾನವಿದೆ. ಅಲ್ಲಿಯ ಮುದಿ ಮರಗಳು ಒಂದರ ಹೆಗಲ ಮೇಲೊಂದು ಕೈ ಹಾಕಿ ನಿಂತಿವೆ. ಅವುಗಳ ನೆರಳಲ್ಲಿ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಎದೆಮಟ್ಟದ ಸಿಮೆಂಟಿನ ಮೂರ್ತಿ. ಊರಿನವರಿಗೆಲ್ಲ ಅದು ಕವಿ. ಬನಹಟ್ಟಿಯ ಅನ್ನವ್ವ ಒಬ್ಬಳಿಗೆ ಮಾತ್ರ ಅದು ಗಂಡ.

ಮೊಮ್ಮಗಳು ಪೂರ್ಣಿಮಾ ಸಣ್ಣವಳಿದ್ದಾಗ ಅಜ್ಜಿಯ ಜೊತೆ ಸಂತೆಗೆ ಬಂದರೆ ಮೊದಲು ಉದ್ಯಾನ, ಆಮೇಲೆ ಸಂತೆ. ಕಟ್ಟೆಯ ಎದುರು ಕೂತು, ಚುರಮುರಿಯ ಪುಡಿಕೆ ಅವಳ ಕೈಗಿಟ್ಟು, ಅಜ್ಜಿ ಕಥೆ ಶುರುಮಾಡುವಳು. ಹಾವಾಗಿ ಹೋದ ಮದುಮಗನ ಕಥೆ, ಮಲ್ಲಿಗೆಯ ಮೊಗ್ಗಿನೊಳಗೆ ಮಲಗಿದ ರಾಜಕುಮಾರಿಯ ಕಥೆ. ಅವುಗಳ ಸಾಲಿನಲ್ಲೇ ಇದೂ ಒಂದು.

"ಒಬ್ಬ ನೇಕಾರ ಇದ್ದ. ಸೀರಿ ಗಂಟು ಹೊತಗೊಂಡು ಮಾರಾಕ ಇಲ್ಲಿಗಿ ಬಂದಿದ್ದ. ಇದೇ ಗಿಡದ ಬುಡಕ ಒಬ್ಬ ಮೂರ್ತಿ ಮಾಡಾವ ತಲಿ ಹಿಡಕೊಂಡು ಕುಂತಿದ್ದ. ಕವಿ ಸತ್ತು ಹೋಗ್ಯಾನ, ಮಾರಿ ನೋಡಿದಾವ್ರು ಯಾರೂ ಉಳದಿಲ್ಲ, ಫೋಟೋನೂ ಇಲ್ಲ. ನೇಕಾರನ್ನ ನೋಡಿದವನ ಎದ್ದು ನಿಂತ. 'ಇದ, ಕವಿ ಮಾರಿ ಅಂದ್ರ ಇದ' ಅಂದ."

"ಆಮ್ಯಾಲ?"

"ಆಮ್ಯಾಲೇನ, ನೇಕಾರ ಕಲ್ಲಾದ."

ಹಾವಾದ ಮದುಮಗನನ್ನು ನಂಬಿದಷ್ಟೇ ಪೂರ್ಣಿಮಾ ಇದನ್ನೂ ನಂಬಿದಳು. ದೊಡ್ಡವಳಾದ ಮೇಲೆ ಎರಡನ್ನೂ ಒಟ್ಟಿಗೇ ನಂಬದಾದಳು.

ಈ ವರ್ಷ ಕವಿಯ ಮೊಮ್ಮಗ ನಂದಕಿಶೋರ ಎಂಬವರಿಗೆ ಪುಣೆಯ ಮನೆಯ ಹಳೆಯ ಟ್ರಂಕಿನಲ್ಲಿ, ತಂದೆ ಕೂಸಿದ್ದಾಗಲೇ ತೀರಿಕೊಂಡಿದ್ದ ಅಜ್ಜನ ಫೋಟೋ ಸಿಕ್ಕಿತು. ಬಡಕಲು ಮುಖ, ದುಂಡು ಕನ್ನಡಕ, ಗೆರೆ ಎಳೆದಂಥ ಮೀಸೆ. ಕಟ್ಟೆಯ ಮೇಲಿನ ಮುಖಕ್ಕೂ ಇದಕ್ಕೂ ದೂರದ ನೆಂಟಸ್ತಿಕೆಯೂ ಇರಲಿಲ್ಲ. ಹಳೆಯದನ್ನು ತೆಗೆದು ಕಂಚಿನ ಮೂರ್ತಿ ಕೂರಿಸುತ್ತಾರೆಂದು ಪತ್ರಿಕೆಯಲ್ಲಿ ಬಂತು. ಪೂರ್ಣಿಮಾ ಅದನ್ನು ಓದಿ ಹೇಳಿದಾಗ, ಅಂಗಳದಲ್ಲಿ ನೂಲು ಸುತ್ತುತ್ತಿದ್ದ ಅಜ್ಜಿಯ ಕೈ ನಿಂತಿತು.

"ಹಳೇದನ್ನ ಏನ ಮಾಡತಾರಂತ?"

"ತಗೀತಾರ."

"ತಗದು?"

ಅದು ಪತ್ರಿಕೆಯಲ್ಲಿ ಇರಲಿಲ್ಲ. ಅಜ್ಜಿ ಸೆರಗು ಬಾಯಿಗೊತ್ತಿಕೊಂಡಳು. ಅವಳು ಅಳುವುದನ್ನು ಪೂರ್ಣಿಮಾ ಆವತ್ತೇ ಮೊದಲು ಕಂಡದ್ದು.

"ಖರೇನ ಆ ನೇಕಾರ ನಮ್ಮ ಮುತ್ಯಾನ?"

"ಮತ್ತ ನಾ ಇಷ್ಟ ವರ್ಷ ಯಾರನ್ನ ನೋಡಾಕ ಹೋಗತಿದ್ದೆ ಬೇ? ಕವಿತಾ ಓದಾಕ?" ಅಳುವಿನ ನಡುವೆಯೇ ಅಜ್ಜಿ ಗದರಿದಳು. "ಫೋಟೋ ತಗಸಿದ್ರ ಆಯುಷ್ಯ ಕಡಿಮಿ ಆಗತೈತಿ ಅಂತಿದ್ಲು ನಮ್ಮತ್ತಿ. ಮದವಿ ಫೋಟೋ ಸೈತ ಬ್ಯಾಡ ಅಂದ್ಲು. ಅಂಥಾಕಿ ಮುಂದ ಮೂರ್ತಿಗಿ ಕುಂತು ಬಂದೇನಿ ಅಂತ ಹೆಂಗ ಹೇಳಾವ್ರು? ನನಗಷ್ಟ ಕಿವ್ಯಾಗ ಹೇಳಿದ್ರು. ಆ ಮಳಿಗಾಲ ದಾಟಲಿಲ್ಲ, ಜ್ವರ ಬಂದು ಹೋದ್ರು. ನಾ ಬಾಯಿ ಬಿಟ್ಟಿದ್ರ ನಮ್ಮತ್ತಿ ಕಬ್ಬಣದ ಹಾರಿ ತಗೊಂಡು ಹೋಗಿ ಒಡದ ಬರತಿದ್ಲು. ಆ ಒಂದ ಮಾರಿ ಉಳದೈತಿ ಪೂರ್ಣಿ. ಅದನ್ನ ಮನಿಗಿ ತರೂಣು."

ಮರುದಿನವೇ ಇಬ್ಬರೂ ಬಸ್ಸು ಹತ್ತಿದರು. ನಂದಕಿಶೋರ ಉದ್ಯಾನದಲ್ಲೇ ನಿಂತು ಕಟ್ಟೆಗೆ ಬಣ್ಣ ಹೊಡೆಸುತ್ತಿದ್ದರು. ಅಜ್ಜಿ ಹೇಳಿದ್ದನ್ನು ಕೇಳಿ ಮೊದಲು ನಕ್ಕರು, ಅವಳ ಮುಖ ನೋಡಿ ನಗು ನುಂಗಿಕೊಂಡರು.

"ನಿಮ್ಮ ಯಜಮಾನ್ರ ಹೆಸರೇನ್ರಿ ಅಜ್ಜಿ?"

ಅಜ್ಜಿ ತಲೆ ತಗ್ಗಿಸಿದಳು. ಗಂಡನ ಹೆಸರನ್ನು ಅವಳ ನಾಲಗೆ ಎಂದೂ ಮುಟ್ಟಿದ್ದಿಲ್ಲ. "ಹೇಳ ಬೇ ನೀನ," ಎಂದು ಮೊಮ್ಮಗಳನ್ನು ತಿವಿದಳು.

"ಗೂಳಪ್ಪ ಅಂತರಿ," ಎಂದಳು ಪೂರ್ಣಿಮಾ.

ನಂದಕಿಶೋರ ಮೂರ್ತಿಯ ಕಡೆ ತಿರುಗಿ ಬಹಳ ಹೊತ್ತು ನೋಡಿದರು. "ನಮ್ಮ ಮನೀ ಮಂದಿ ಪ್ರತಿ ವರ್ಷ ಪುಣೆಯಿಂದ ಬಂದು ಇವರಿಗೇ ಅಡ್ಡ ಬಿದ್ದು ಹೋಗೀವಿ ಹಂಗಾದ್ರೆ. ಒಯ್ರಿ ಅಜ್ಜಿ, ಅವರು ನಿಮ್ಮವರು. ಶುಕ್ರವಾರ ಬರ್ರಿ, ತೆಗೆಸಿ ಇಡಸ್ತೇನಿ. ಗುತ್ತಿಗೆದಾರಗ ಹೇಳತೇನಿ."

ಶುಕ್ರವಾರ, ಅರಿವೆಯ ಗಂಟು ಸಾಗಿಸುವ ಓಣಿಯ ಶಿವಾಜಿಯ ಟೆಂಪೊ ಬಂತು. ಹಿಂದೆ ಅಜ್ಜಿ ಎರಡು ಕೌದಿ ಹಾಸಿದಳು, ಮೂರ್ತಿಯ ಮುಖ ತಿಕ್ಕಿ ಸವೆಯಬಾರದೆಂದು.

"ಆಯಿ, ಮುತ್ಯಾನ್ನ ಎಲ್ಲಿ ಕುಂದರಸ್ತಿ?" ಶಿವಾಜಿ ಕೇಳಿದ.

"ಮಗ್ಗದ ಎದುರಿಗಿ."

"ಪಾವರಲೂಮ್ ಸಪ್ಪಳಕ್ಕ ಎದ್ದ ಓಡಿ ಹೋಗತಾನ ನೋಡು!"

"ಓಡಿದ್ರ ಹಿಡಕೊಂಡ ಬಾ, ನಿನ್ನ ಗಾಡಿ ಮತ್ಯಾಕೈತಿ?" ಅಜ್ಜಿ ಅಂದಳು. ದಾರಿಯುದ್ದಕ್ಕೂ ಅವಳು ಹೊಸ ಮದುವೆಯಾದವಳಂತೆ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದಳು.

ಕಟ್ಟೆಯ ಮೇಲೆ ಹೊಸ ಮೂರ್ತಿ ಬಿಳಿ ಬಟ್ಟೆ ಹೊದ್ದು ನಿಂತಿತ್ತು. ಸುತ್ತಲೂ ಹುಡುಕಿದರು, ಹಳೆಯದು ಕಾಣಲಿಲ್ಲ. ಗಿಡಗಳಿಗೆ ನೀರು ಬಿಡುತ್ತಿದ್ದ ಮಾಲಿ ಯಮನಪ್ಪ ಪೈಪು ಕೆಳಗಿಟ್ಟು ಬಂದ.

"ಹಳೇ ಮೂರ್ತೀನ್ರಿ? ಅಯ್ಯ, ಅದನ್ನ ನಾ ಹಂಗ ಬಿಡತೇನೇನು!" ಅವನ ಮುಖ ಅರಳಿತು. "ಗುತ್ತಿಗೆದಾರನ ಆಳು ತಗದವರ ಕಸದ ಟ್ರ್ಯಾಕ್ಟರಿಗಿ ಎತ್ತಾಕ ಹೊಂಟಿದ್ರು. ಯಪ್ಪಾ, ಇಷ್ಟ ವರ್ಷ ನಾ ಹಾರ ಹಾಕೀನಿ, ಕಸಕ್ಕ ಒಗೀತೀರೇನ ಅಂತ ಜಗಳಾ ತಗದೆ. ನಮ್ಮೂರು ಅನಗವಾಡಿ. ನಿನ್ನಿ ಊರ ಕಡೆ ಹೊಂಟಿದ್ದ ಗಾಡಿಯೊಳಗ ಒಯ್ದು, ಜಳಕಾ ಮಾಡಿಸಿ, ಕುಂಕುಮ ಹಚ್ಚಿ, ಕರ್ಪೂರ ಬೆಳಗಿ ಹೊಳ್ಯಾಗ ಬಿಟ್ಟ ಬಂದ್ನಿ. ಇಳಿಸಿದ ಮೂರ್ತಿ ನೆಲದ ಮ್ಯಾಲ ಇಡಬಾರದ್ರಿ."

ಪೂರ್ಣಿಮಾ ಅಜ್ಜಿಯ ತೋಳು ಹಿಡಿದಳು. ಯಮನಪ್ಪನ ಮುಖದಲ್ಲಿ ಮೆಚ್ಚುಗೆಯ ಮಾತಿಗಾಗಿ ಕಾಯುವ ನಗು ಇನ್ನೂ ಇತ್ತು. ನಂದಕಿಶೋರರ ಮಾತು ಗುತ್ತಿಗೆದಾರನ ಆಳುಗಳಿಗೆ ಮುಟ್ಟಿರಲಿಲ್ಲ, ಅವನಿಗೂ ಯಾರೂ ಏನೂ ಹೇಳಿರಲಿಲ್ಲ.

"ಆಳ ಐತೇನು ಅಲ್ಲಿ?" ಅಜ್ಜಿ ಕೇಳಿದಳು.

"ಹಿನ್ನೀರು ಐತ್ರಿ. ಆನಿ ಮುಳಗತೈತಿ."

"ಬಿಡುಮುಂದ ಮಾರಿ ಮ್ಯಾಲಿತ್ತೋ, ಕೆಳಗೋ?"

ಯಮನಪ್ಪ ತಡವರಿಸಿದ. ಏನೋ ಆಗಿದೆಯೆಂದು ಅವನಿಗೀಗ ಹೊಳೆಯತೊಡಗಿತ್ತು. "ಮ್ಯಾಲ ಮಾಡಿನ ಬಿಟ್ನಿರಿ. ಒಳಗ ಹೋದ ಮ್ಯಾಲ ಹೆಂಗ ಹೊರಳಿತೋ... ಯಾಕವ್ವ? ತಪ್ಪ ಆತೇನ್ರಿ?"

"ಇಲ್ಲೋ ತಮ್ಮಾ," ಅಜ್ಜಿ ಅವನಿಗೆ ಕೈ ಮುಗಿದಳು. "ಛಲೋ ಮಾಡಿದಿ. ಕಸಕ್ಕ ಹೋಗಗೊಡಲಿಲ್ಲ."

ಟೆಂಪೊ ಹಿಂದಿರುಗಿತು. ಹಿಂದೆ ಕೌದಿಗಳು ಹಾಸಿದಂತೆಯೇ ಇದ್ದವು, ಮಡಚಲು ಯಾರಿಗೂ ಮನಸ್ಸಾಗಲಿಲ್ಲ. ಊರು ದಾಟಿದ ಮೇಲೆ ಅಜ್ಜಿ ತಾನಾಗಿಯೇ ಬಾಯಿ ತೆರೆದಳು.

"ಪೂರ್ಣಿ, ನೀನೂ ನೋಡೀದಲ್ಲ. ಅವರ ಮಾರಿ ಹೆಂಗಿತ್ತು, ಹೇಳ."

ಪೂರ್ಣಿಮಾ ಹೇಳಿದಳು. ಅಗಲವಾದ ಹಣೆ. ಹುಬ್ಬಿನ ನಡುವೆ ಒಂದು ಗೆರೆ. ದೂರ ನೋಡುವ ಕಣ್ಣು. ಬಿಗಿದ ತುಟಿ...

"ಅದು ಮೂರ್ತಿದ," ಅಜ್ಜಿ ತಡೆದಳು. "ಅವರ ತುಟಿ ಎಂದ ಬಿಗಿದಿತ್ತು? ನಕ್ರ ಒಂದ ಕಡೆ ಹಿಂಗ... ಅಲ್ಲ, ಹಿಂಗ..." ಅವಳ ಬೆರಳು ತನ್ನದೇ ಕೆನ್ನೆಯ ಮೇಲೆ ಅತ್ತಿತ್ತ ಹುಡುಕಿ ನಿಂತಿತು. ಕಣ್ಣು ಮುಚ್ಚಿದಳು.

ಎದುರಿನಿಂದ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಬಂತು. ಶಿವಾಜಿ ಗಾಡಿಯನ್ನು ಬದಿಗೆ ನಿಲ್ಲಿಸಿದ. ಕೊನೆಯ ಹೇರು ದಾಟಿ ಧೂಳು ಇಳಿಯುವ ತನಕವೂ ಅಜ್ಜಿ ಕಣ್ಣು ತೆರೆಯಲಿಲ್ಲ. ಮುಚ್ಚಿದ ರೆಪ್ಪೆಯ ಕೆಳಗೆ ಗುಡ್ಡೆಗಳು ಹೊರಳುತ್ತಿದ್ದವು.

"ಸಿಕ್ಕರೇನ, ಆಯಿ?" ಪೂರ್ಣಿಮಾ ಮೆಲ್ಲಗೆ ಕೇಳಿದಳು.

"ಆ ಸಿಮೆಂಟಿನ ಮಾರೀನ ಬರಾಕತ್ತೈತಿ," ಎಂದಳು ಅಜ್ಜಿ. "ಅವರು ಬರವಲ್ರು."