ಲಿಫ್ಟಿನವನ ಮಾತು

“ಅವನಿಗೂ ಮೌನ ಕೊಡೋದಾದ್ರೆ ನಾನು ಈಗಲೇ ಎದ್ದು ಹೋಗ್ತೀನಿ,” ಎಂದ ಟೈಪಿಂಗ್ ಮೇಷ್ಟ್ರು ಎದ್ದೇನೂ ಹೋಗಲಿಲ್ಲ. ಕುರ್ಚಿಯನ್ನು ಟೀವಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತರು.

ಕನ್ನಡಕದಂಗಡಿಯ ಷಟರು ಅರ್ಧ ಇಳಿದಿತ್ತು. ಭಾನುವಾರ ಮಧ್ಯಾಹ್ನದ ಬಿಸಿಲು ಅದರಡಿಯಿಂದ ನುಸುಳಿ ಗಿರಾಕಿಗಳ ಬೆಂಚಿನವರೆಗೆ ಬಂದಿತ್ತು. ಗೋಡೆಯ ತುಂಬ ಖಾಲಿ ಫ್ರೇಮುಗಳು. ಅಂಗಡಿಯ ಮಾಲೀಕರು, ಎಲ್ಲರ ಬಾಯಲ್ಲಿ ಬರೀ ‘ಕನ್ನಡಕದವರು’, ಕಣ್ಣು ಪರೀಕ್ಷೆಯ ಅಕ್ಷರದ ಬೋರ್ಡನ್ನು ಪಕ್ಕಕ್ಕೆ ಸರಿಸಿ ಟೀವಿಗೆ ಜಾಗ ಮಾಡುತ್ತಿದ್ದರು. ಬೆಂಚಿನ ಒಂದು ತುದಿಯಲ್ಲಿ ಆಸ್ಪತ್ರೆಯಿಂದ ನೇರ ಬಂದಿದ್ದ ನರ್ಸಮ್ಮ, ಇನ್ನೊಂದು ತುದಿಯಲ್ಲಿ ಬೀಗ ರಿಪೇರಿಯ ಅಂಗಡಿ ನಡೆಸುವ ಬೀಗದಕ್ಕ. ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಅಲ್ಲಿ ಬೀಗದಕ್ಕನ ಗಂಡ ಕೂರುತ್ತಿದ್ದ. ಅವನು ತೀರಿಕೊಂಡು ವರ್ಷವಾದರೂ ಇವರಿಬ್ಬರೂ ಸರಿದು ಕೂತಿರಲಿಲ್ಲ.

ಇವರನ್ನು ಹೀಗೆ ಗಂಟು ಹಾಕಿದ್ದು ‘ಮೆಟ್ಟಿಲು ರಿಪೇರಿಯಲ್ಲಿದೆ’ ಎಂಬ ಹಳೆಯ ಧಾರಾವಾಹಿ. ಒಂದು ಕಟ್ಟಡ, ಅದಕ್ಕೊಂದು ಲಿಫ್ಟು, ಲಿಫ್ಟಿಗೊಬ್ಬ ಮಾತಿನ ಮಲ್ಲ. ಹತ್ತಿದವರೆಲ್ಲ ತಮ್ಮ ಗೋಳನ್ನು ಅವನ ಮುಂದೆ ಹೇಳಿಕೊಂಡು ಇಳಿದುಹೋಗುತ್ತಿದ್ದರು, ಅಷ್ಟೇ ಕಥೆ. ಯಾರಾದರೂ ಒರಗಿದರೆ ಲಿಫ್ಟಿನ ಗೋಡೆ ಅಲುಗುತ್ತಿತ್ತು. ಊರೆಲ್ಲ ಬೇರೆ ಚಾನೆಲ್ ನೋಡುವಾಗ ಕೆಲವರು ಮಾತ್ರ ಇದನ್ನು ಹೊಟ್ಟೆ ಹುಣ್ಣಾಗುವಷ್ಟು ನಕ್ಕು ನೋಡುತ್ತಿದ್ದರು. ಅದು ನಿಂತ ಮೇಲೆ ಹೇಗೋ ಒಬ್ಬರನ್ನೊಬ್ಬರು ಹುಡುಕಿಕೊಂಡರು. ಆಗ ಬೆಂಚು ಸಾಲದಷ್ಟು ಜನರಿದ್ದರು.

ಭಾನುವಾರ ರೆಕಾರ್ಡ್ ಮಾಡಿಟ್ಟ ಒಂದು ಕಂತು ಹಾಕಿ, ಟೀವಿಯ ದನಿ ಪೂರ್ತಿ ಆರಿಸಿ, ಪಾತ್ರಗಳ ಮಾತನ್ನು ತಾವೇ ಹೇಳುವುದು ಇವರ ಆಟ. ನಟರಲ್ಲಿ ಯಾರಾದರೂ ತೀರಿಕೊಂಡರೆ ಅಂದಿನಿಂದ ಆ ಪಾತ್ರದ ಮಾತನ್ನು ಯಾರೂ ಹೇಳುವಂತಿಲ್ಲ. ತುಟಿ ಅಲುಗುತ್ತದೆ, ಉಳಿದವರು ಸುಮ್ಮನೆ ಕಾಯುತ್ತಾರೆ. ಅದಕ್ಕೆ ಇವರಿಟ್ಟ ಹೆಸರು ‘ಮೌನ ಕೊಡುವುದು’. ಈ ಕಟ್ಟಳೆ ಮಾಡಿದವರು ಮೇಷ್ಟ್ರು. ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದವರೂ ಅವರೇ.

ಈ ವಾರ ಲಿಫ್ಟಿನವನ ಪಾತ್ರಧಾರಿ ತೀರಿಕೊಂಡಿದ್ದ. ಅವನ ಬೆನ್ನಿಗೇ ವಿಮರ್ಶಕನೂ ಹೋಗಿದ್ದ. ಪತ್ರಿಕೆಯಲ್ಲಿ ವಾರವಾರ ಈ ಧಾರಾವಾಹಿಯ ಚರ್ಮ ಸುಲಿಯುತ್ತಿದ್ದ ಮನುಷ್ಯ ಅವನು. “ಈ ಲಿಫ್ಟು ಮೇಲೂ ಹೋಗುವುದಿಲ್ಲ, ಕೆಳಗೂ ಬರುವುದಿಲ್ಲ, ನೋಡುವವರ ತಲೆ ಮಾತ್ರ ತಿರುಗುತ್ತದೆ,” ಎಂದು ಅವನು ಬರೆದದ್ದು ಇವರೆಲ್ಲರಿಗೂ ಬಾಯಿಪಾಠ. ಅವನ ಬರಹದಿಂದಲೇ ಧಾರಾವಾಹಿ ನಿಂತಿತೆಂದು ಮೇಷ್ಟ್ರ ನಂಬಿಕೆ. ವಿಚಿತ್ರವೆಂದರೆ, ಕೊನೆಯ ಕಂತಿನಲ್ಲಿ ನಟಿಸಲು ಕರೆದರೆ ಅವನು ಒಪ್ಪಿ ಬಂದಿದ್ದ. ವಿಮರ್ಶಕನಾಗಿಯೇ, ತನ್ನದೇ ಪಾತ್ರದಲ್ಲಿ ಲಿಫ್ಟು ಹತ್ತಿದ್ದ. ಇವತ್ತು ಅದೇ ಕಂತು.

“ಪೇಪರ್ ನೋಡಿದ್ರಾ? ಅವನ ಫೋಟೋ ಅಂಗೈಯಗಲ. ನಮ್ಮ ಲಿಫ್ಟಿನವನದು ಅಂಚೆಚೀಟಿ!” ಎಂದರು ಮೇಷ್ಟ್ರು.

“ಸತ್ತ ಮೇಲೂ ಜಗಳ ಯಾಕೆ ಮೇಷ್ಟ್ರೇ?” ಎಂದರು ನರ್ಸಮ್ಮ. “ಅವರೂ ಈ ಕಂತಲ್ಲಿ ಪಾತ್ರ ಮಾಡಿದಾರೆ. ನಿಮ್ಮ ರೂಲ್ಸೇ ಹೇಳುತ್ತಲ್ಲ.”

“ಮೌನ ಕಲಾವಿದರಿಗೆ. ಆ ಕೊಂಕುಮೂತಿಯವನಿಗಲ್ಲ. ಅವನ ಮಾತು ನಾನೇ ಹೇಳ್ತೀನಿ, ಹೇಗೆ ಹೇಳ್ಬೇಕೋ ಹಾಗೆ.”

ಕನ್ನಡಕದವರು ಎಲ್ಲರಿಗೂ ಟೀ ಬಗ್ಗಿಸಿದರು. “ಅಕ್ಕ, ನೀವೇನೂ ಹೇಳ್ತಿಲ್ಲ. ಬೀಗದಂಗಡಿಯವರು ಬಾಯಿಗೂ ಬೀಗ ಹಾಕ್ಕೊಂಡ್ರೆ ಹೇಗೆ?”

ಬೀಗದಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಲಿಫ್ಟಿನವನ ಮಾತು ಅವಳ ಗಂಡನ ಪಾಲಾಗಿತ್ತು. ಅಂಗಡಿಯಲ್ಲಿ ಕೀ ಉಜ್ಜುವಾಗಲೂ ಅವನು ಅದನ್ನೇ ಹೇಳಿಕೊಳ್ಳುತ್ತಿದ್ದ, ಮೆಷಿನ್ನಿನ ಸದ್ದಿಗಿಂತ ಜೋರಾಗಿ. ಅವನು ಹೋದ ಮೇಲೆ ಉಳಿದವರು ಆ ಮಾತನ್ನು ಹಂಚಿಕೊಂಡು ಹೇಗೋ ತಳ್ಳುತ್ತಿದ್ದರು. ತನಗೆ ಕೊಡಿ ಎಂದು ಕೇಳಬೇಕೆಂದು ವರ್ಷದಿಂದ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಲ್ಲುತ್ತಿತ್ತು. ಈ ಭಾನುವಾರ ಬೇಡ, ಮುಂದಿನ ಭಾನುವಾರ ಎಂದುಕೊಳ್ಳುತ್ತಿದ್ದಳು.

ಗಂಡನ ದನಿ ಅವಳಿಗೆ ಮರೆಯತೊಡಗಿತ್ತು. ಫೋಟೋಗಳಿದ್ದವು, ಅಂಗಿಗಳಿದ್ದವು, ದನಿ ಮಾತ್ರ ಎಲ್ಲೂ ಇರಲಿಲ್ಲ. ಆದರೆ ಲಿಫ್ಟಿನವನ ಮಾತನ್ನು ಗುನುಗಿದರೆ, ಅವನು ಎಲ್ಲಿ ಎಳೆಯುತ್ತಿದ್ದ, ಎಲ್ಲಿ ನಗು ತಡೆಯಲು ಉಸಿರು ಹಿಡಿಯುತ್ತಿದ್ದ ಎಂಬುದೆಲ್ಲ ತಾನಾಗಿ ಅವಳ ಬಾಯಿಗೆ ಬರುತ್ತಿತ್ತು. ಮನೆಯಲ್ಲಿ ಒಬ್ಬಳೇ ಹೇಳಿ ನೋಡಿದ್ದಳು. ಎದುರಿನಿಂದ ಉತ್ತರ ಬಾರದೆ ಎರಡೇ ಮಾತಿಗೆ ನಿಂತುಹೋಗಿತ್ತು. ಅದನ್ನು ಇಲ್ಲಿಯೇ, ಈ ಜನರ ನಡುವೆಯೇ ಹೇಳಬೇಕಿತ್ತು.

“ಮೇಷ್ಟ್ರೇ,” ಎಂದಳು. “ಮೌನ ಮುಂದಿನ ವಾರದಿಂದ ಕೊಡೋಣ. ಇವತ್ತು ಒಂದೇ ಒಂದು ಸಲ, ಲಿಫ್ಟಿನವನ ಮಾತು ನಾನು ಹೇಳ್ಲಾ? ನಮ್ಮನೆಯವರು ಹೇಳ್ತಿದ್ದ ಹಾಗೇ ಹೇಳ್ತೀನಿ.”

ಮೇಷ್ಟ್ರ ಮುಖದ ಸಿಟ್ಟೆಲ್ಲ ಇಳಿಯಿತು. “ಅಯ್ಯೋ ಅಕ್ಕ, ಹೋದ ವಾರ ಕೇಳಿದ್ದಿದ್ರೂ ಅದು ನಿಮ್ಮದೇ ಆಗ್ತಿತ್ತು. ಈಗ ಆ ಪುಣ್ಯಾತ್ಮ ಇಲ್ವಲ್ಲ. ಇವತ್ತೇ ಅವನ ಮಾತಿಗೆ ಬಾಯಿ ಹಾಕಿದ್ರೆ ಅವನಿಗೆ ಅವಮಾನ. ನಿಮ್ಮ ಯಜಮಾನರೇ ಇದ್ದಿದ್ರೂ ಹೀಗೇ ಹೇಳ್ತಿದ್ರು.”

ಅದು ನಿಜವೇ ಆಗಿತ್ತು. “ಆಯ್ತು ಬಿಡಿ,” ಎಂದಳು ಬೀಗದಕ್ಕ. ಟೀ ಲೋಟವನ್ನು ಕೆಳಗಿಟ್ಟಳು.

ಕಂತು ಶುರುವಾಯಿತು. ಮೊದಲ ಭಾಗದಲ್ಲಿ ಬೇರೆ ಬೇರೆಯವರು ಲಿಫ್ಟು ಹತ್ತಿಳಿದರು. ನರ್ಸಮ್ಮ ಮೂರನೇ ಮಹಡಿಯ ಮುದುಕಿಯಾಗಿ ಕೆಮ್ಮಿದರು, ಕನ್ನಡಕದವರು ವಿಮೆಯ ಏಜೆಂಟಾಗಿ ಪೀಡಿಸಿದರು. ಲಿಫ್ಟಿನವನ ತುಟಿ ಅಲುಗಿದಾಗಲೆಲ್ಲ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ವಿಮರ್ಶಕ ಬಂದ. ದಪ್ಪ ಚೌಕಟ್ಟಿನ ಕನ್ನಡಕ, ಕಂಕುಳಲ್ಲಿ ಪತ್ರಿಕೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮೂಗಿನಲ್ಲಿ ಶುರು ಮಾಡಿದರು.

“ಏನಪ್ಪಾ, ಈ ನಿನ್ನ ಲಿಫ್ಟು ಹೊರಡುತ್ತೋ ಇಲ್ವೋ?”

ಲಿಫ್ಟಿನವನ ತುಟಿ ಅಲುಗಿತು. ಮೌನ.

“ನಾನು ಹತ್ತಿ ಎಷ್ಟೊತ್ತಾಯ್ತು ಗೊತ್ತಾ?”

ಮೌನ.

“ನಾನು ಹೇಳಿದ್ದು ಕೇಳಿಸ್ತೇನಯ್ಯಾ?”

ಅದಕ್ಕೂ ಉತ್ತರವಿಲ್ಲ. ಮೇಷ್ಟ್ರು ಅಣಕಿಸಲು ಹೊರಟಿದ್ದರು. ಕೇಳಿದ ಪ್ರಶ್ನೆಗಳೆಲ್ಲ ಹಾಗೇ ನೆಲಕ್ಕೆ ಬೀಳತೊಡಗಿದಾಗ ಅವರ ಮೂಗಿನ ದನಿ ಸಣ್ಣಗಾಗುತ್ತ ಬಂತು. ತೆರೆಯ ಮೇಲೆ ಲಿಫ್ಟು ಗಕ್ಕನೆ ನಿಂತಿತು, ದೀಪ ಆರಿತು. ಟೀವಿ ಪೂರ್ತಿ ಕಪ್ಪಾಗಿ, ಅದರಲ್ಲಿ ಬೆಂಚಿನ ಮೇಲೆ ಕೂತವರ ನೆರಳು ಕಾಣಿಸಿತು.

“ಇದೀಯೇನಯ್ಯಾ?” ಎಂದರು ಮೇಷ್ಟ್ರು.

“ಎಲ್ಲಿಗೆ ಹೋಗ್ಲಿ ಸ್ವಾಮೀ? ಬಾಗಿಲು ಹಾಕಿದೆಯಲ್ಲಾ.”

ಬೀಗದಕ್ಕ ಹೇಳಬೇಕೆಂದು ಹೇಳಿರಲಿಲ್ಲ. ‘ಸ್ವಾಮೀ’ಯನ್ನು ಎಳೆದು, ‘ಬಾಗಿಲು’ ಎನ್ನುವಲ್ಲಿ ಉಸಿರು ಹಿಡಿದು, ಗಂಡ ಹೇಳುತ್ತಿದ್ದ ಹಾಗೇ ಬಾಯಿಂದ ಜಾರಿಬಿಟ್ಟಿತ್ತು. ನರ್ಸಮ್ಮ ತಟ್ಟನೆ ಪಕ್ಕದ ಖಾಲಿ ಜಾಗ ನೋಡಿದರು. ಕನ್ನಡಕದವರು ಲೋಟ ಕೆಳಗಿಡುವುದನ್ನು ಮರೆತರು. ಬೀಗದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೇಷ್ಟ್ರ ಕಡೆ ನೋಡಿದಳು. ಅವರು ತಿರುಗಿ ನೋಡಲಿಲ್ಲ. ಕತ್ತಲೆಯ ದೃಶ್ಯ ಮುಂದೆ ಸಾಗುತ್ತಲೇ ಇತ್ತು, ಈಗ ವಿಮರ್ಶಕನ ಸರದಿ.

“ಕತ್ತಲೆ ಅಂದ್ರೆ ನನಗಾಗಲ್ಲ ಕಣಯ್ಯಾ,” ಎಂದರು ಮೇಷ್ಟ್ರು. ಮೂಗಿನ ದನಿ ಹೋಗಿ, ಅವರದೇ ವಯಸ್ಸಾದ ದನಿ ಬಂದಿತ್ತು. “ಏನಾದ್ರೂ ಮಾತಾಡ್ತಿರು.”

ಮಾತು ಕಂತಿನದೇ. ಆದರೂ ಹೇಳಿ ಮುಗಿಸಿದ ಮೇಲೆ ಅವರು ಕುರ್ಚಿಯಲ್ಲಿ ಅರ್ಧ ತಿರುಗಿ, ಬೀಗದಕ್ಕನ ಮುಖ ನೋಡುತ್ತ ಕಾದರು. ಅವಳು ಸೆರಗು ಇಳಿಸಿದಳು.

“ಏನ್ ಮಾತಾಡ್ಲೀ ಸ್ವಾಮೀ? ನಾನೇನು ಹೇಳಿದ್ರೂ ನಾಳೆ ಪೇಪರಲ್ಲಿ ಬೈತೀರಿ.”

ನರ್ಸಮ್ಮ ಕಿಸಕ್ಕನೆ ನಕ್ಕರು. ಬೀಗದಕ್ಕನ ಗಂಡ ಹೇಳಿದಾಗಲೂ ಅವರು ಸರಿಯಾಗಿ ಅಲ್ಲೇ ನಗುತ್ತಿದ್ದರು. ಆ ನಗು ಕೇಳಿದ್ದೇ ಬೀಗದಕ್ಕನ ಕಣ್ಣು ತುಂಬಿತು. ಅವನ ದನಿ ಇಲ್ಲೇ ಎಲ್ಲೋ, ತನ್ನ ಎದೆಯ ಹತ್ತಿರವೇ ಇದ್ದಂತೆ ಸುಖವಾಯಿತು, ಹಾಗೆಯೇ ಸಂಕಟವೂ ಆಯಿತು.

“ಬೈಯೋದಕ್ಕಾದ್ರೂ ಒಂದು ವಾರ ತಪ್ಪಿಸ್ದೆ ನೋಡ್ತೀನಲ್ಲಯ್ಯಾ,” ಎಂದರು ಮೇಷ್ಟ್ರು. ಆ ಮಾತನ್ನು ಅವರು ಎಷ್ಟೋ ಸಲ ಅಣಕಿಸಿ ಹೇಳಿದ್ದರು. ಇವತ್ತು ಅಣಕಿಸದೆ ಹೇಳಿ, ತಮ್ಮ ಅಂಗೈ ನೋಡಿಕೊಂಡರು.

ಹಾಗೇ ಇಬ್ಬರೂ ಮಾತಾಡುತ್ತ ಹೋದರು. ಕಂತಿನ ದೀಪ ಹೊತ್ತಿಕೊಂಡಿತು, ಲಿಫ್ಟು ನೆಲಕ್ಕೆ ಬಂದು ನಿಂತಿತು. ವಿಮರ್ಶಕ ಹೊರಗಿಳಿದು ತಿರುಗಿ ನೋಡಿದ. ಇನ್ನು ಉಳಿದಿದ್ದು ಲಿಫ್ಟಿನವನ ಒಂದೇ ಮಾತು, ಇಡೀ ಧಾರಾವಾಹಿಯ ಕೊನೆಯ ಮಾತು: “ಹುಷಾರಾಗಿ ಹೋಗಿ ಸ್ವಾಮೀ. ಬೇಕಾದಾಗ ಗಂಟೆ ಒತ್ತಿ, ಬರ್ತೀನಿ.”

ಮೇಷ್ಟ್ರು ಕಾದರು. ನರ್ಸಮ್ಮ, ಕನ್ನಡಕದವರು ಕಾದರು. ಬೀಗದಕ್ಕ ಆ ಮಾತನ್ನು ಹೇಳದೆ ಮೌನ ಕೊಟ್ಟಳು. ಲಿಫ್ಟಿನವನ ತುಟಿ ಅಲುಗತೊಡಗಿದಾಗ ಅವಳು ಬೆಂಚಿನ ಅಂಚಿಗೆ ಸರಿದು, ಬಾಗಿ, ದನಿಯಿಲ್ಲದ ಟೀವಿಗೆ ಕಿವಿಗೊಟ್ಟು ಕೂತಳು.