ಈಗ ಬಂದೆ

ಹಾಲ್‌ನ ಮಧ್ಯೆ ಚಾಪೆ ಹಾಸಿ, ಸುತ್ತ ನಾಲ್ಕು ಕುರ್ಚಿ ನಿಲ್ಲಿಸಿ, ಅದಕ್ಕೆ ‘ಹಡಗಿನ ಮಕ್ಕಳ ಕೋಣೆ’ ಎಂದು ಹೆಸರಿಟ್ಟು ಹತ್ತು ದಿನವಾಗಿತ್ತು. ಅಜ್ಜಿಗೆ ಆ ಕೋಣೆಯ ಟೀಚರ್ ಕೆಲಸ. ಜೀವಮಾನವಿಡೀ ಕಿಟಕಿ ಪರದೆ ಹೊಲಿದವಳಿಗೆ ಎಪ್ಪತ್ತರ ಹತ್ತಿರ ಸಿಕ್ಕ ಬಡ್ತಿ ಇದು ಎಂದು ಮಗಳು ತಮಾಷೆ ಮಾಡಿದ್ದಳು. ಅಜ್ಜಿ ನಕ್ಕಿರಲಿಲ್ಲ.

ಅಳಿಯ ಪ್ರವಾಸಿ ಹಡಗೊಂದರ ಲಾಂಡ್ರಿಯಲ್ಲಿದ್ದ. ಹತ್ತು ವರ್ಷ ದುಡಿದವರ ಮನೆಯವರಿಗೆ ಒಂದು ವಾರದ ಪ್ರಯಾಣ ಕಂಪನಿಯ ಕೊಡುಗೆ. ಅವನು ಕಳಿಸಿದ ಫೋಟೋಗಳಲ್ಲಿ ಮಕ್ಕಳ ಕೋಣೆಯದೂ ಒಂದಿತ್ತು. ಗೋಡೆಯಲ್ಲಿ ದೊಡ್ಡ ದುಂಡು ಕಿಟಕಿ, ಅದರಾಚೆ ಬರೀ ನೀರು. ಒಂಬತ್ತು ವರ್ಷದ ಮೊಮ್ಮಗಳು ಬಟಾಣಿ ಅದನ್ನು ನೋಡಿದ್ದೇ ತಡ, ಎದ್ದರೆ ಕೂತರೆ ‘ದುಂಡು ಕಿಟಕಿ’ ಎಂದು ಶುರುವಿಟ್ಟುಕೊಂಡಳು. ಆದರೆ ಆ ಕೋಣೆಯೊಳಗೆ ದೊಡ್ಡವರನ್ನು ಬಿಡುವುದಿಲ್ಲ. ಬಟಾಣಿಗೋ ಅಮ್ಮ, ಅಜ್ಜಿ ಇಬ್ಬರೂ ಕಣ್ಮರೆಯಾದರೆ ಜೀವವೇ ಹೋದಂತೆ. ಎರಡೂ ಕಿವಿ ಮುಚ್ಚಿಕೊಂಡು, ಗಂಟಲು ಒಣಗುವ ತನಕ ಕಿರುಚುತ್ತಾಳೆ. ಅದಕ್ಕೇ ಈ ತಾಲೀಮು.

“ನೀನು ಅಜ್ಜಿ ಟೀಚರ್ ಜೊತೆ ಬಣ್ಣ ಹಾಕ್ತಿರು ಪುಟ್ಟಾ. ಈಗ ಬಂದೆ,” ಎಂದು ಮಗಳು ಚಪ್ಪಲಿ ಮೆಟ್ಟಿದಳು.

ಹುಡುಗಿ ಬಣ್ಣದ ಕಡ್ಡಿ ಕೆಳಗಿಟ್ಟಳು. “ಬಂದಿಲ್ಲ. ಹೋಗ್ತಿದೀಯ.”

“ಹೂಂ, ಹೋಗಿ ಈಗ್ಲೇ ಬಂದೆ.”

“ಬಂದಿಲ್ಲ! ಹೋಗ್ತಿದೀಯ! ಈಗ ಬಂದೆ ಅಂದ್ರೆ ಬರಲ್ಲ!”

ಕಿರುಚಾಟ ಶುರುವಾಯಿತು. ಮಗಳು ಓಡಿ ಬಂದು ತಬ್ಬಿಕೊಂಡಳು. ಅಜ್ಜಿ ಮಾತ್ರ ಕೂತಲ್ಲೇ ಕಲ್ಲಾಗಿದ್ದಳು. ಆ ಕೊನೆಯ ಮಾತನ್ನು ಈ ಮಗುವಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಧ್ಯಾಹ್ನ ಮಗು ಮಲಗಿದ ಮೇಲೆ ಮಗಳು ಊಟದ ಮೇಜಿನ ಮೇಲೆ ಹಡಗಿನವರ ಅರ್ಜಿ ಹರಡಿಕೊಂಡಳು. ‘ನಿಮ್ಮ ಮಗುವಿನ ಬಗ್ಗೆ ನಮಗೆ ತಿಳಿದಿರಬೇಕಾದ ಸಂಗತಿಗಳು’ ಎಂಬಲ್ಲಿ ಪೆನ್ನು ನಿಂತಿತ್ತು.

“ಅದ್ರಲ್ಲಿ ಎಲ್ಲಾ ಬರೀಬೇಡ,” ಎಂದಳು ಅಜ್ಜಿ. “ಸ್ವಲ್ಪ ಸಂಕೋಚದ ಮಗು ಅಂತ ಹಾಕು, ಸಾಕು. ನಿಜ ಬರೆದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ. ಬಿಡೋವಾಗ್ಲೂ ಅಷ್ಟೇ, ಅವಳು ಆಟದಲ್ಲಿರುವಾಗ ಮೆಲ್ಲಗೆ ಜಾರ್ಕೋಬೇಕು. ಹೇಳಿದ್ರೆ ತಾನೆ ರಂಪ?”

“ಹೇಳ್ದೆ ಹೋಗಿ ನೋಡಿದೀನಮ್ಮ. ಆಮೇಲೆ ಒಂದು ವಾರ ನಾನು ಸ್ನಾನಕ್ಕೆ ಹೋದ್ರೂ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ಲು. ಮುಚ್ಚಿಟ್ಟು ಈ ಮನೇಲಿ ಏನು ಸಾಧಿಸಿದೀವಿ, ನೀನೇ ಹೇಳು.”

ಮಗಳು ಬೇಕೆಂದು ಚುಚ್ಚಿದ್ದಲ್ಲ. ಆದರೂ ಚುಚ್ಚಿತು. ಅಜ್ಜಿ ಎದ್ದು ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿ ತೆಗೆದುಕೊಂಡು ಗೇಟಿನ ಹತ್ತಿರ ಹೋದಳು. ವಾರಕ್ಕೊಮ್ಮೆ ಗೇಟಿನ ಕೀಲುಗಳಿಗೆ ಎಣ್ಣೆ ಬಿಡುವುದು ಅವಳ ಅಭ್ಯಾಸ. ಮಿಷನ್ ಒಣಗಿದರೂ ಗೇಟು ಒಣಗಬಾರದು. ಅಮ್ಮನಿಗೆ ಗೇಟಿನ ಮೇಲೆ ಅದೇನು ಪ್ರೀತಿಯೋ ಎಂದು ಮಗಳು ಚಿಕ್ಕಂದಿನಿಂದ ಛೇಡಿಸುತ್ತಿದ್ದಳು. ಅವತ್ತು ಛೇಡಿಸದೆ ಹಿಂದೆಯೇ ಬಂದು ನಿಂತಳು.

“ನಿನ್ನ ಅಕ್ಕನೂ ಹಿಂಗೇ ಇದ್ಲು,” ಎಂದಳು ಅಜ್ಜಿ, ಕೀಲಿನಿಂದ ಕಣ್ಣೆತ್ತದೆ.

ಅಕ್ಕನೊಬ್ಬಳಿದ್ದಳು, ಜ್ವರದಲ್ಲಿ ತೀರಿಕೊಂಡಳು ಎಂಬುದಷ್ಟೇ ಮಗಳಿಗೆ ಗೊತ್ತಿತ್ತು. ಮನೆಯಲ್ಲಿ ಅವಳ ಫೋಟೋ ಇರಲಿಲ್ಲ. ನೆಂಟರು ಬಂದರೆ ಅವಳನ್ನು ಹಿಂದಿನ ಕೋಣೆಗೆ ಹಾಕಿ ರೇಡಿಯೋ ಜೋರು ಮಾಡುತ್ತಿದ್ದುದು ಮೂರು ವರ್ಷದ ತಂಗಿಗೆ ನೆನಪಿರಲು ಸಾಧ್ಯವಿರಲಿಲ್ಲ. ಜನ ಏನಂದಾರು ಎಂಬ ಚಿಂತೆಯಲ್ಲೇ ಎಂಟು ವರ್ಷ ಕಳೆದು, ಕೊನೆಗೆ ಅಂಥ ಮಕ್ಕಳ ವಸತಿಶಾಲೆಗೆ ಕರೆದೊಯ್ದಿದ್ದರು. ಅಂಗಳದ ಕಲ್ಲುಬೆಂಚಿನ ಮೇಲೆ ಕೂರಿಸಿದ್ದು ಅಜ್ಜಿಯೇ. “ಇಲ್ಲೇ ಇರು ಮರಿ, ಈಗ ಬಂದೆ,” ಎಂದು ಹೇಳಿ ಹಿಂದಿರುಗಿ ನೋಡದೆ ಗೇಟು ದಾಟಿದ್ದಳು. ಹೊಂದಿಕೊಳ್ಳುವ ತನಕ ಬರಬೇಡಿ ಎಂದಿದ್ದರು ಅಲ್ಲಿಯವರು. ಆಮೇಲೆ ಹೋಗಲು ಮುಖವಿರಲಿಲ್ಲ. ನಾಲ್ಕನೇ ವರ್ಷ ಹೋಗಿದ್ದು ಹೆಣ ತರಲು.

“ಗೇಟು ಕಿರ್ ಅಂದಾಗೆಲ್ಲ ‘ಈಗ ಬಂದೆ’ ಅಂತಿದ್ಲಂತೆ. ಅದೊಂದೇ ಮಾತು. ಅಲ್ಲಿನ ಆಯಾ ಹೇಳಿದ್ಲು. ನನ್ನ ಸುಳ್ಳನ್ನೇ ಗಿಣಿ ಥರ ಕಲ್ತು ಒಪ್ಪಿಸ್ತಿತ್ತು ಕಣೆ ನನ್ನ ಕೂಸು.” ಅಜ್ಜಿ ಇನ್ನಷ್ಟು ಎಣ್ಣೆ ಬಿಟ್ಟಳು. “ಮೂವತ್ತೈದು ವರ್ಷ ಆಯ್ತು. ಗೇಟು ಸದ್ದಾದ್ರೆ ಈಗ್ಲೂ ಬೆನ್ನ ಹಿಂದೆ ಕೇಳುತ್ತೆ.”

ಮಗಳು ಅಮ್ಮನ ಕೈಯಿಂದ ಡಬ್ಬಿ ತೆಗೆದುಕೊಂಡಳು. “ಇನ್ಮೇಲೆ ಹೋಗೋವಾಗ ಹೋಗ್ತೀನಿ ಅಂತ್ಲೇ ಹೇಳೋಣ.”

“ಬಾಗಿಲಲ್ಲಿ ನಿಂತು ಹೋಗ್ತೀನಿ ಅಂತಾರೇನೆ? ಬಿಡ್ತು ಅನ್ನು!”

“ಅವಳಿಗೆ ಶುಭ ಅಶುಭ ಗೊತ್ತಿಲ್ಲಮ್ಮ. ನಿಜ ಸುಳ್ಳು ಮಾತ್ರ ಗೊತ್ತು.”

ಮರುದಿನ ಅಜ್ಜಿ ಮೇಜಿನ ಗಡಿಯಾರದ ಗಾಜಿನ ಮೇಲೆ, ನಾಲ್ಕರ ಅಂಕೆಯ ನೇರಕ್ಕೆ, ಕೆಂಪು ದಾರದ ತುಂಡೊಂದನ್ನು ಅಂಟಿಸಿದಳು. “ಹೋಗ್ತೀನಿ. ದೊಡ್ಡ ಮುಳ್ಳು ಕೆಂಪು ದಾರ ಮುಟ್ಟಿದಾಗ ಬರ್ತೀನಿ,” ಎಂದು ಮಗಳು ಮೊದಲು ಮುಳ್ಳು ದಾರ ಮುಟ್ಟಲು ಎರಡು ನಿಮಿಷ ಉಳಿದಾಗ ಹೋದಳು, ಆಮೇಲೆ ಐದು, ಹತ್ತು ನಿಮಿಷ ಉಳಿದಾಗ. ಒಂದು ಸಲವೂ ಮುಳ್ಳಿಗಿಂತ ತಡವಾಗಿ ಬರಲಿಲ್ಲ. ಬಟಾಣಿ ಗಡಿಯಾರ ನೋಡುತ್ತ ನಡುಗಿದಳು, ಆದರೆ ಕಿರುಚಲಿಲ್ಲ. ನೀನೂ ಒಮ್ಮೆ ಹೋಗಿ ಬಾ ಎಂದರೆ ಮಾತ್ರ ಅಜ್ಜಿ ಒಪ್ಪಲಿಲ್ಲ.

ಹಡಗಿನಲ್ಲಿ ಎರಡನೆಯ ಬೆಳಿಗ್ಗೆ ಮೂವರೂ ಮನೆಯ ಗಡಿಯಾರ ಹಿಡಿದು ಮಕ್ಕಳ ಕೋಣೆಯ ಬಾಗಿಲಿಗೆ ಬಂದರು. ಮಗಳು ಅರ್ಜಿಯಲ್ಲಿ ಏನನ್ನೂ ಬಿಟ್ಟಿರಲಿಲ್ಲ. ಆಟಿಸಂ, ಕಿರುಚಾಟ, ಗದ್ದಲದ ಭಯ, ಕೆಂಪು ದಾರ ಎಲ್ಲವೂ ಇತ್ತು. ನೀಲಿ ಏಪ್ರನ್ನಿನ ಟೀಚರ್ ಅದನ್ನು ಪೂರ್ತಿ ಓದುವ ತನಕ ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು.

“ಗಡಿಯಾರ ಎಲ್ಲಿಡ್ಲಿ? ಕಿಟಕಿ ಪಕ್ಕ ಆಗುತ್ತಾ?” ಎಂದು ಕೇಳಿದಳು ಟೀಚರ್. “ಇಷ್ಟು ಬರೆದು ಕೊಟ್ರೆ ನಮಗೆ ಸಲೀಸು. ಮುಚ್ಚಿಟ್ಟು ಬಿಟ್ಟು ಹೋಗ್ತಾರಲ್ಲ, ಆ ಮಕ್ಕಳದ್ದೇ ಕಷ್ಟ.”

ಅಷ್ಟೇ. ಮೂವತ್ತೈದು ವರ್ಷ ಹೆದರಿದ್ದಕ್ಕೆ ಇಷ್ಟೇ ಉತ್ತರ.

ಬಟಾಣಿ ಅಮ್ಮನ ಕೈ ಬಿಟ್ಟು ಅಜ್ಜಿಯ ತೋಳು ಹಿಡಿದಳು. “ಅಜ್ಜಿ, ನೀನು ಹೇಳು.”

ಅಜ್ಜಿ ಮಗಳ ಮುಖ ನೋಡಿದಳು. ಮಗಳು ಸಹಾಯಕ್ಕೆ ಬರಲಿಲ್ಲ.

“ಹೋಗ್ತೀನಿ,” ಎಂದಳು ಅಜ್ಜಿ. “ದೊಡ್ಡ ಮುಳ್ಳು ಕೆಂಪು ದಾರ ಮುಟ್ಟಿದಾಗ... ಬರ್ತೀನಿ.”

ಹತ್ತು ಗಂಟೆ. ಹುಡುಗಿ ಗಡಿಯಾರವನ್ನು ಎದೆಗವಚಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು.

“ಮೇಲೆ ಗಾಳಿಗೆ ಹೋಗೋಣ ಬಾಮ್ಮ, ಇಪ್ಪತ್ತು ನಿಮಿಷ ಇದೆ.”

“ನೀನು ಹೋಗು. ಕಾಯೋದು ಹೆಂಗಿರುತ್ತೆ ಅಂತ ನಾನು ನೋಡ್ಬೇಕು.”

ಬಾಗಿಲಿನ ಎದುರಿಗಿದ್ದ ಬೆಂಚಿನಲ್ಲಿ ಅಜ್ಜಿ ಕೂತಳು. ಮಗಳೂ ಹೋಗದೆ ಪಕ್ಕದಲ್ಲಿ ಕೂತಳು. ನಡುವೆ ಎರಡು ಸಲ ಬೇರೆ ಯಾರಿಗೋ ಬಾಗಿಲು ತೆರೆಯಿತು. ಎರಡು ಸಲವೂ ಅಜ್ಜಿ ಅರ್ಧ ಎದ್ದು ಕೂತಳು. ಇಪ್ಪತ್ತು ನಿಮಿಷವೇ ಮುಗಿಯುತ್ತಿರಲಿಲ್ಲ. ನಾಲ್ಕು ವರ್ಷವನ್ನು ಲೆಕ್ಕ ಹಾಕುವ ಧೈರ್ಯ ಬರಲಿಲ್ಲ.

ಹೊತ್ತಿಗೆ ಸರಿಯಾಗಿ ಟೀಚರ್ ಬಾಗಿಲು ತೆಗೆದಳು. ಬಟಾಣಿ ದುಂಡು ಕಿಟಕಿಗೆ ಅಂಗೈ ಒತ್ತಿ ನಿಂತಿದ್ದಳು. ಸದ್ದಿಗೆ ತಿರುಗಿ ಗಡಿಯಾರ ನೋಡಿದಳು. ಮುಳ್ಳು ದಾರದ ಮೇಲಿತ್ತು. ಆಮೇಲೆ ಅಜ್ಜಿಯನ್ನು ನೋಡಿದಳು.

“ಈಗ ಬಂದೆ,” ಎಂದಳು.

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹುಡುಗಿ ತನ್ನ ಬಗ್ಗೆ ಹೇಳಿದ್ದಲ್ಲ. ಅಜ್ಜಿ, ನೀನು ಈಗ ಬಂದೆ. ಅವತ್ತು ಕಲ್ಲುಬೆಂಚಿನ ಮೇಲೆ ಬಿಟ್ಟು ಬಂದ ಮರಿಯೂ ಗಿಣಿಯಂತೆ ಒಪ್ಪಿಸುತ್ತಿರಲಿಲ್ಲವೇನೋ. ಗೇಟು ತೆರೆದಾಗಲೆಲ್ಲ ಅಮ್ಮನೇ ಬಂದಳೆಂದುಕೊಂಡು, ಬಂದವರಿಗೆಲ್ಲ ಹೇಳುತ್ತಿದ್ದಳು.

“ಹೂಂ ಕಂದಾ, ಬಂದೆ,” ಎಂದಳು ಅಜ್ಜಿ. ಯಾರಿಗೆ ಹೇಳಿದ್ದೆಂದು ಅವಳಿಗೇ ತಿಳಿಯಲಿಲ್ಲ.

ಮನೆಗೆ ಮರಳಿದ ಮೇಲೆ ಅವಳು ಗೇಟಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿದಳು. ಈಗ ಅದು ಕಿರ್ ಎಂದಾಗಲೆಲ್ಲ, ಕೈಯಲ್ಲಿ ಏನೇ ಕೆಲಸವಿರಲಿ, ಎದ್ದು ಹೋಗಿ ಬಾಗಿಲು ತೆರೆದು ನೋಡುತ್ತಾಳೆ.